ಓಕ್ ಹಲಗೆಯಲ್ಲಿ ತೂತು ಕಂಡರೆ ಔಷಧಿಗಿಂತ ಮೊದಲು ಬಣ್ಣ ನೋಡಿ

ಪುಣೆಯಲ್ಲಿ ಈಗ ಎಲ್ಲರಿಗೂ ಓಕ್ ಬೇಕು. ಡೈನಿಂಗ್ ಟೇಬಲ್ ಓಕ್, ಪುಸ್ತಕದ ಕಪಾಟು ಓಕ್, ದೇವರ ಮನೆ ಬಾಗಿಲೂ ಓಕ್. ಧಾಯರಿಯಲ್ಲಿ ನಮ್ಮದೊಂದು ಸಣ್ಣ ಫರ್ನಿಚರ್ ಕಾರ್ಖಾನೆ ಇದೆ. ಮಿಸ್ತ್ರಿಗಳು ರಾಜಸ್ಥಾನದವರು, ಗಿರಾಕಿಗಳಲ್ಲಿ ಜಾಸ್ತಿ ಮರಾಠಿಯವರು, ಫೋನ್ ಮಾಡಿ ಬೈಯುವವರು ಮಾತ್ರ ಹೆಚ್ಚಾಗಿ ನಮ್ಮ ಕನ್ನಡದವರು. ಸಲುಗೆ ಅಲ್ವಾ. "ಏನ್ರೀ, ಇಷ್ಟು ರೊಕ್ಕಾ ಕೊಟ್ಟು ತಗೊಂಡ ಟೇಬಲ್‌ಗೆ ಹುಳ ಹಿಡದೈತಲ್ರೀ" ಅಂತ ಫೋಟೊ ಕಳಿಸುತ್ತಾರೆ. ನೋಡಿದರೆ ನಾಲ್ಕಾರು ಸೂಜಿ ತೂತು, ಪ್ರತಿಯೊಂದರ ಸುತ್ತಲೂ ಕಪ್ಪು ಬಣ್ಣ. ಅಂಥ ತೂತಿಗೆ ಔಷಧಿ ಹೊಡೆಸಿದರೆ ದುಡ್ಡು ದಂಡ. ಆ ಹುಳು ಸಮುದ್ರದ ಆಚೆ, ಮರ ಹಸಿ ಇದ್ದಾಗಲೇ ಬಂದು ಹೋಗಿದೆ. ಆದರೆ ಎಲ್ಲ ತೂತೂ ಅಂಥದ್ದಲ್ಲ. ಯಾವುದು ಯಾವುದು ಅಂತ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮರದ ಊರು ತಿಳಿದಿರಲಿ. ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಓಕ್ ಬೆಳೆಯುವುದಿಲ್ಲ. ಉತ್ತರಾಖಂಡದ ಬೆಟ್ಟಗಳಲ್ಲಿ ಬಾಂಜ್ ಅನ್ನುವ ಓಕ್ ಇದೆ, ಆದರೆ ನಮ್ಮ ಕೈಗೆ ಬರುವ ಹಲಗೆ ಅದಲ್ಲ. ನಮಗೆ ಬರುವುದು ಅಮೆರಿಕದ್ದು, ಇಲ್ಲವೇ ಯುರೋಪಿನದು. ಇನ್ನು ಕಾಫಿ ತೋಟದ ಸಿಲ್ವರ್ ಓಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಆಸ್ಟ್ರೇಲಿಯಾ ಮೂಲದ ಬೇರೆಯೇ ಜಾತಿ. "ಓಕ್ ಅಂದಿರಲ್ಲಾ" ಅಂತ ಆಮೇಲೆ ಜಗಳ ಆಡುವ ಬದಲು ಬಿಲ್ಲಿನಲ್ಲಿ ವೈಟ್ ಓಕೋ, ರೆಡ್ ಓಕೋ ಅಂತ ಬರೆಸಿಕೊಳ್ಳಿ.

ಈಗ ತೂತಿಗೆ ಬರೋಣ. ಮರ ಕೊರೆಯುವ ದುಂಬಿಗಳಲ್ಲಿ ಆಂಬ್ರೋಸಿಯಾ ದುಂಬಿ ಅಂತ ಒಂದು ದೊಡ್ಡ ಗುಂಪಿದೆ. ಮೂರು ಸಾವಿರಕ್ಕೂ ಹೆಚ್ಚು ಜಾತಿ. ಇವು ಮರ ಕೊರೆಯುತ್ತವೆ, ಆದರೆ ಮರ ತಿನ್ನುವುದಿಲ್ಲ. ಕೊರೆದ ಪುಡಿಯನ್ನೆಲ್ಲ ಹೊರಗೆ ತಳ್ಳುತ್ತವೆ. ಇವು ತಿನ್ನುವುದು ಬೂಷ್ಟನ್ನು. ಆ ಬೂಷ್ಟಿನ ಬೀಜಕಣ ಹೊತ್ತೊಯ್ಯಲು ದುಂಬಿಯ ಮೈಯಲ್ಲೇ ಪುಟ್ಟ ಗುಳಿಗಳಿವೆ. ಕೆಲವು ಜಾತಿಯಲ್ಲಿ ಬೆನ್ನ ಮೇಲೆ, ಕೆಲವಕ್ಕೆ ಬಾಯಿಯ ಹತ್ತಿರ. ಹೊಸ ಮರಕ್ಕೆ ಹೋದಾಗ ಸುರಂಗ ಕೊರೆದು ಗೋಡೆಗೆ ಬೀಜಕಣ ಹಚ್ಚುತ್ತವೆ, ಬೂಷ್ಟು ಬೆಳೆಯುತ್ತದೆ, ಮರಿಗಳು ಅದನ್ನೇ ಮೇಯುತ್ತವೆ. ಅಪ್ಪಟ ಒಕ್ಕಲುತನ. ಮನುಷ್ಯ ಜೋಳ ಬಿತ್ತುವ ಎಷ್ಟೋ ಕೋಟಿ ವರ್ಷಗಳ ಮುಂಚೆಯೇ ಇವು ಬೇಸಾಯ ಶುರು ಮಾಡಿದ್ದವು.

ಈ ಬೂಷ್ಟಿಗೆ ನೀರು ಬೇಕು. ಹಸಿ ಮರದಲ್ಲಿ ಹುಲುಸಾಗಿ ಬೆಳೆಯುತ್ತದೆ, ಮರ ಒಣಗುತ್ತಾ ಬಂದಂತೆ ಸಾಯುತ್ತದೆ. ಬೂಷ್ಟು ಸತ್ತರೆ ದುಂಬಿಗೆ ಊಟವಿಲ್ಲ. ಭಟ್ಟಿಯಲ್ಲಿ ಒಣಗಿಸಿದ ಹಲಗೆಯಲ್ಲಿ ಎರಡೂ ಉಳಿಯುವುದಿಲ್ಲ, ತಿರುಗಿ ಬರುವುದೂ ಇಲ್ಲ. ಉಳಿಯುವುದು ತೂತು ಮತ್ತು ಕಲೆ, ಅಷ್ಟೇ.

ಇದಕ್ಕೆ ವಿರುದ್ಧವಾದದ್ದು ಪುಡಿ ಮಾಡುವ ಹುಳು. ಊರಲ್ಲಿ ಕುಟ್ಟೆ ಹುಳು ಅಂತೀವಲ್ಲ, ಆ ಪೈಕಿ. ಅದಕ್ಕೆ ಒಣ ಮರವೇ ಬೇಕು. ಮರದ ಹೊರಭಾಗದ ಬಿಳಿ ಮರದಲ್ಲಿ ಇರುವ ಪಿಷ್ಟ ಅದರ ಊಟ. ಓಕ್‌ನಲ್ಲಿ ಬರಿಗಣ್ಣಿಗೇ ಕಾಣುವಷ್ಟು ದೊಡ್ಡ ರಂಧ್ರಗಳಿರುತ್ತವೆ. ಹೆಣ್ಣು ಹುಳು ಅದರೊಳಗೆ ಮೊಟ್ಟೆ ಇಡುತ್ತದೆ. ಇದು ನಿಮ್ಮ ಮನೆಯಲ್ಲೇ ಹುಟ್ಟಿ, ನಿಮ್ಮ ಮನೆಯಲ್ಲೇ ಇನ್ನೊಂದು ಕಪಾಟಿಗೆ ಹೋಗಬಲ್ಲದು.

ಹಾಗಾದರೆ ನೋಡುವುದು ಹೇಗೆ? ತೂತಿನ ಅಳತೆ ನಂಬಬೇಡಿ. ಎರಡೂ ಒಂದು, ಒಂದೂವರೆ ಮಿಲಿಮೀಟರ್ ಆಸುಪಾಸೇ ಇರಬಹುದು. ಮೊಬೈಲಿನ ಟಾರ್ಚನ್ನು ಹಲಗೆಗೆ ಅಡ್ಡಲಾಗಿ ಹಿಡಿದು, ಇನ್ನೊಂದು ಫೋನಿನಲ್ಲಿ ಜೂಮ್ ಮಾಡಿ. ಅಕ್ಕಸಾಲಿಗರ ಭೂತಗನ್ನಡಿ ಸಿಕ್ಕರಂತೂ ಇನ್ನೂ ಒಳ್ಳೆಯದು. ಆಂಬ್ರೋಸಿಯಾ ತೂತಿನ ಒಳಗೋಡೆ ಕಪ್ಪಗೆ ಅಥವಾ ಕಡುಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಳಗೆ ಪುಡಿ ಇರುವುದಿಲ್ಲ, ಖಾಲಿ. ತೂತಿನ ಎರಡೂ ಬದಿಗೆ, ಮರದ ಗೆರೆಯ ಗುಂಟ, ಉದ್ದಕ್ಕೆ ಎಳೆದಂತೆ ಒಂದು ಬೂದುಗಪ್ಪು ಪಟ್ಟಿ ಇರುತ್ತದೆ. ತೂತಿನ ಹತ್ತಿರ ಗಾಢ, ದೂರ ಹೋದಂತೆ ತೆಳು. ಬೂಷ್ಟು ನೀರಿನ ನಾಳದ ಜಾಡು ಹಿಡಿದು ಹೋದ ಗುರುತು ಅದು. ಸುರಂಗ ಮಾತ್ರ ಸಾಮಾನ್ಯವಾಗಿ ಗೆರೆಗೆ ಅಡ್ಡಡ್ಡ ಹೋಗಿರುತ್ತದೆ. ಅದಕ್ಕೇ ಹಲಗೆಯ ಮುಖದಲ್ಲಿ ದುಂಡಗೆ ಕಾಣುವ ತೂತು, ಪಕ್ಕದ ಅಂಚಿನಲ್ಲಿ ಸಣ್ಣ ಕಾಲುವೆಯಾಗಿ ಕಾಣಬಹುದು.

ಕುಟ್ಟೆ ಹುಳುವಿನ ತೂತು ಹಾಗಲ್ಲ. ಗೋಡೆ ಮರದ ಬಣ್ಣಕ್ಕೇ ಇರುತ್ತದೆ, ಕಲೆ ಇಲ್ಲ. ಒಳಗೆ ಪುಡಿ ಗಿಡಿದಿರುತ್ತದೆ. ಸುರಂಗ ಗೆರೆಯ ಗುಂಟವೇ ಓಡುತ್ತದೆ. ಟೇಬಲ್ ಕೆಳಗೆ ಕರಿ ಕಾಗದ ಹಾಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬೀಳುವ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಮೈದಾದಷ್ಟು ನುಣುಪಾಗಿದ್ದರೆ ಕುಟ್ಟೆ. ಏನೂ ಬೀಳದಿದ್ದರೆ ಅವಸರ ಬೇಡ. ತೂತುಗಳ ಮೇಲೆ ತೆಳು ಕಾಗದ ಅಂಟಿಸಿ, ಪೆನ್ಸಿಲ್‌ನಲ್ಲಿ ತಾರೀಕು ಬರೆದು, ಬೇಸಿಗೆ ಕಳೆಯುವವರೆಗೆ ಬಿಡಿ. ಒಳಗೆ ಜೀವ ಇದ್ದರೆ ಕಾಗದ ಕೊರೆದುಕೊಂಡು ಹೊರಗೆ ಬರುತ್ತದೆ, ಅಥವಾ ಪಕ್ಕದಲ್ಲೇ ಹೊಸ ತೂತು ಕಾಣುತ್ತದೆ. ಕಾಗದ ಹಾಗೇ ಇದ್ದು, ಹೊಸ ತೂತೂ ಇಲ್ಲದಿದ್ದರೆ ಭಯ ಕಡಿಮೆ. ಅನುಮಾನ ಉಳಿದರೆ ಇನ್ನೊಂದು ಬೇಸಿಗೆ ನೋಡಿ.

ಇಲ್ಲಿ ಒಂದು ಮೋಸ ಆಗುವ ಜಾಗ ಇದೆ. ಓಕ್‌ನಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಜಾಸ್ತಿ. ಹಸಿ ಹಲಗೆಗೆ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಮೊಳೆ, ಕ್ಲ್ಯಾಂಪು, ಸ್ಟೀಲ್ ವೂಲ್‌ನ ಒಂದು ಚೂರು, ಯಾವುದಾದರೂ ಸಾಕು. ಮೊಳೆ ಕಿತ್ತ ತೂತಿನ ಸುತ್ತ ಈ ಕಲೆ ಕಂಡರೆ ಥೇಟ್ ದುಂಬಿಯ ತೂತಿನಂತೆ ಕಾಣುತ್ತದೆ. ಬೇರೆ ಮಾಡಿ ನೋಡುವುದು ಸುಲಭ. ಕಬ್ಬಿಣದ ಕಲೆ ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತದೆ. ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ಕರಗಿಸಿ ಹಚ್ಚಿದರೆ ಕಣ್ಣೆದುರೇ ಮಾಯವಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಅದು ವಿಷ. ಆಮೇಲೆ ಚೆನ್ನಾಗಿ ನೀರಿನಲ್ಲಿ ಒರೆಸಿ. ಬೂಷ್ಟಿನ ಕಲೆ ಇದಕ್ಕೆಲ್ಲ ಜಗ್ಗುವುದಿಲ್ಲ. ರಂಧಾ ಹೊಡೆದು ಹಲಗೆ ಸವೆಸಿದಷ್ಟೂ ಕೆಳಗೆ ಇದ್ದೇ ಇರುತ್ತದೆ.

ಕಪ್ಪು ಗೋಡೆಯ ತೂತು ಅಂತ ಖಾತ್ರಿಯಾದರೆ ಮಾಡಬೇಕಾದ್ದು ಬಹಳ ಕಡಿಮೆ. ಅಲ್ಲಲ್ಲಿ ನಾಲ್ಕು ತೂತಿದ್ದರೆ ಹಲಗೆಯ ಬಲಕ್ಕೆ ಏನೂ ಆಗುವುದಿಲ್ಲ. ಕಪ್ಪು ಬಣ್ಣ ಕಲೆಸಿದ ಎಪಾಕ್ಸಿ ತುಂಬಿ, ಉಜ್ಜಿ, ಪಾಲಿಶ್ ಮಾಡಿ. ಮರದ ಬಣ್ಣದ ಪುಟ್ಟಿ ಮಾತ್ರ ಬೇಡ. ಕಪ್ಪು ಕಲೆಯ ನಡುವೆ ಹಳದಿ ಚುಕ್ಕೆ ಎದ್ದು ಕಾಣುತ್ತದೆ, ಇನ್ನೂ ಅಸಹ್ಯ. ನನಗಂತೂ ಹಾಗೇ ಬಿಟ್ಟರೇ ಚಂದ. ಕೊಥ್ರೂಡಿನ ಗಿರಾಕಿಯೊಬ್ಬರು ಇಂಥ ಸತ್ತ ತೂತುಗಳಿಗೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದ್ದರು. ಅವರು ಬಂದು ಪಾಲಿಶ್ ಮೇಲೆಯೇ ಔಷಧಿ ಸುರಿದು, ಮೇಲೆ ವರ್ಷದ ಗ್ಯಾರಂಟಿಯನ್ನೂ ಕೊಟ್ಟು ಹೋದರು. ಸತ್ತ ಹುಳು ಮತ್ತೆ ಬರುವುದಿಲ್ಲ ಅಂತ ಗ್ಯಾರಂಟಿ ಕೊಡಲು ಯಾರಿಗೆ ಕಷ್ಟ! ಹಾಳಾಗಿದ್ದು ಪಾಲಿಶ್.

ಕುಟ್ಟೆ ಅಂತಾದರೆ ಕೆಲಸ ಇದೆ. ಬಿಳಿ ಮರ ಇರುವ ತುಂಡನ್ನು ಬದಲಿಸಲು ಆಗುತ್ತದಾ ನೋಡಿ, ಅದೇ ಸರಿಯಾದ ದಾರಿ. ಆಗದಿದ್ದರೆ ಪಾಲಿಶ್ ಪೂರ್ತಿ ತೆಗೆದು, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿ ನೀರಿನಲ್ಲಿ ಕರಗಿಸಿ ಬರಿ ಮರಕ್ಕೆ ಎರಡು ಮೂರು ಸಲ ಹಚ್ಚಬೇಕು. ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದೇ ಇಲ್ಲ. ನೀರು ತಾಗಿದರೆ ಇದು ತೊಳೆದು ಹೋಗುತ್ತದೆ. ಹಾಗಾಗಿ ಮನೆಯೊಳಗಿನ ಸಾಮಾನಿಗೆ ಮಾತ್ರ, ಮೇಲೆ ಮತ್ತೆ ಪಾಲಿಶ್ ಆಗಲೇಬೇಕು. ಅಡುಗೆಯ ಹಲಗೆಗೆ, ಮಕ್ಕಳು ಬಾಯಿಗೆ ಹಾಕುವ ಆಟಿಕೆಗೆ ಇದು ಬೇಡ. ಅಂಥ ಸಣ್ಣ ಸಾಮಾನನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟರೆ ಆಯಿತು.

ಕೊಳ್ಳುವಾಗಲೇ ಎಚ್ಚರ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ಗೆ ಹೋಗುವಾಗ ತೇವ ಅಳೆಯುವ ಮೀಟರ್ ಜೇಬಿನಲ್ಲಿರಲಿ. ಪುಣೆಯ ಮನೆಯೊಳಗಿನ ಸಾಮಾನಿಗೆ ನಾನು 8ರಿಂದ 12 ಪ್ರತಿಶತದ ಹಲಗೆ ಮಾತ್ರ ತೆಗೆದುಕೊಳ್ಳುತ್ತೇನೆ. ಹಲಗೆಯ ಅಂಚಿನಲ್ಲಿ ಬಿಳಿ ಮರ ಎಷ್ಟಿದೆ ನೋಡಿ. ಕುಟ್ಟೆ ಹಿಡಿಯುವುದು ಅಲ್ಲೇ, ಒಳಗಿನ ಚೇಗಿಗೆ ಅದು ಹೋಗುವುದಿಲ್ಲ. ಮಾವಿನ ಮರ, ರಬ್ಬರ್ ಮರ ತಗೊಳ್ಳುವವರಿಗೆ ಇದು ಇನ್ನೂ ಮುಖ್ಯ. ಅವುಗಳನ್ನು ಕಡಿದು ಕೆಲವೇ ದಿನ ಹಸಿಯಾಗಿ ಬಿಟ್ಟರೂ ದುಂಬಿ, ಬೂಷ್ಟು ಎರಡೂ ಹತ್ತುತ್ತವೆ. ಊರಲ್ಲಿ ಸ್ವಂತ ಮರ ಕಡಿಸುವವರಿದ್ದರೆ ಮಳೆಗಾಲದಲ್ಲಿ ಕಡಿಸಬೇಡಿ. ಕಡಿಸಿದರೆ ತಕ್ಷಣ ಸಾ ಮಿಲ್‌ಗೆ ಹಾಕಿ, ಹಲಗೆಗಳ ನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ನೆರಳಲ್ಲಿ ಪೇರಿಸಿ. ತಡವಾಗುವುದಾದರೆ ದಿಮ್ಮಿಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿಡುವುದೂ ಒಂದು ಉಪಾಯ.

ಇಷ್ಟು ಹೊತ್ತು ಹೇಳಿದ್ದು ಸತ್ತ ಮರದ ಮಾತು. ಅದೇ ಗುಂಪಿನ ದುಂಬಿ, ಅದೇ ಥರದ ಬೂಷ್ಟು ಜೀವಂತ ಓಕ್‌ಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನ್ ನೋಡಬೇಕು. ಅಲ್ಲಿನ ದುಂಬಿಯ ಹೆಸರು ಪ್ಲಾಟಿಪಸ್ ಕ್ವೆರ್ಸಿವೋರಸ್, ಐದು ಮಿಲಿಮೀಟರ್ ಉದ್ದದ ಕೊಳವೆಯಂಥ ಕಂದು ಹುಳು. ಮೊದಲು ಗಂಡು ಬಂದು ತೂತು ಕೊರೆಯುತ್ತದೆ, ವಾಸನೆ ಬಿಟ್ಟು ಉಳಿದವರನ್ನು ಕರೆಯುತ್ತದೆ. ಹೆಣ್ಣಿನ ಬೆನ್ನ ಮೇಲಿನ ಗುಳಿಗಳಲ್ಲಿ ಬೂಷ್ಟು ಬರುತ್ತದೆ. ಒಂದೇ ಮರಕ್ಕೆ ಇವು ನೂರುಗಟ್ಟಲೆ ಮುತ್ತುತ್ತವೆ. ಇವು ತರುವ ಬೂಷ್ಟುಗಳಲ್ಲಿ ರಫೇಲಿಯಾ ಕ್ವೆರ್ಸಿವೋರಾ ಅನ್ನುವುದು ಮರಕ್ಕೆ ಮಾರಕ. 2002ರಲ್ಲಿ ಅದಕ್ಕೆ ಹೆಸರಿಟ್ಟರು. ಬೂಷ್ಟು ಹರಡಿದ ಕಡೆ ಮರದ ಜೀವಕೋಶ ಸಾಯುತ್ತದೆ, ತಡೆಯಲು ಮರವೂ ತನ್ನ ನಾಳಗಳನ್ನೇ ಮುಚ್ಚಿಕೊಳ್ಳುತ್ತದೆ. ಬೇರಿನಿಂದ ನೀರು ಏರುವ ದಾರಿ ಬಂದ್. ಮಿಜುನಾರಾ ಅನ್ನುವ ಓಕ್ ಅಂತೂ ಕೆಲವೇ ವಾರಗಳಲ್ಲಿ, ನಡು ಬೇಸಿಗೆಯಲ್ಲಿ ಎಲೆ ಕೆಂಪಾಗಿ ನಿಂತಲ್ಲೇ ಸಾಯುತ್ತದೆ. ಜಪಾನಿ ವಿಸ್ಕಿಯ ಪೀಪಾಯಿಗೆ ಹೆಸರಾದ ಮರ ಅದೇ. 2010ರಲ್ಲಿ ಈ ರೋಗ ತುತ್ತತುದಿಗೆ ಮುಟ್ಟಿದಾಗ ಒಂದೇ ವರ್ಷಕ್ಕೆ ಮೂರು ಲಕ್ಷ ಘನ ಮೀಟರ್‌ಗಿಂತ ಜಾಸ್ತಿ ಮರ ಹೋಯಿತು.

ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಮೊದಲು ಅಲ್ಲಿನ ಹಳ್ಳಿಯವರು ಇದ್ದಿಲಿಗೆ, ಸೌದೆಗೆ ಓಕ್ ಕಡಿಯುತ್ತಿದ್ದರು. ಬುಡದಿಂದ ಮತ್ತೆ ಚಿಗುರುತ್ತಿತ್ತು, ಮರ ಯಾವಾಗಲೂ ತೆಳ್ಳಗೆ ಇರುತ್ತಿತ್ತು. 1950ರ ದಶಕದ ನಂತರ ಗ್ಯಾಸು, ಸೀಮೆಎಣ್ಣೆ ಬಂದವು, ಕಾಡಿಗೆ ಯಾರೂ ಹೋಗಲಿಲ್ಲ. ಮರಗಳು ದಪ್ಪವಾದವು. ದುಂಬಿಗೆ ಬೇಕಾಗಿದ್ದು ದಪ್ಪ ಮರವೇ. ಕೊರಿಯಾದಲ್ಲೂ 2004ರಿಂದ ಇದರ ಹತ್ತಿರದ ಬಂಧು ಓಕ್ ಕೊಲ್ಲುತ್ತಿದೆ. ಅಮೆರಿಕದ ಓಕ್ ರೋಗ ಮಾತ್ರ ಬೇರೆ ಥರದ್ದು. ಅಲ್ಲಿ ಬೂಷ್ಟು ತೊಗಟೆ ಕೆಳಗೆ ಹಣ್ಣಿನ ವಾಸನೆ ಬೀರುತ್ತದೆ, ರಸ ಹೀರುವ ದುಂಬಿಗಳು ಅದಕ್ಕೆ ಬಂದು, ಹೊಸದಾಗಿ ಕಡಿದ ಕೊಂಬೆಯ ಗಾಯಕ್ಕೆ ದಾಟಿಸುತ್ತವೆ. ಅವು ಬೇಸಾಯಗಾರರಲ್ಲ, ಸುಮ್ನೆ ದಾರಿಹೋಕರು. ಅದಕ್ಕೇ ಅಲ್ಲಿ ವಸಂತ, ಬೇಸಿಗೆಯ ಶುರುವಿನಲ್ಲಿ ಓಕ್ ಕೊಂಬೆ ಸವರಬಾರದು ಅಂತಾರೆ.

ನಮ್ಮ ಸೊಸೈಟಿಯ ಮರಗಳಿಗೆ ಇದರಿಂದ ಏನು ಕಲಿಯಬಹುದು? ಇಲ್ಲೂ ಆಂಬ್ರೋಸಿಯಾ ದುಂಬಿಗಳಿವೆ. ಇವಕ್ಕೆ ಮದ್ಯಸಾರದ ವಾಸನೆ ಬಹಳ ಇಷ್ಟ. ಬೇರಿಗೆ ನೀರು ನಿಂತು ಉಸಿರುಗಟ್ಟಿದ ಮರ ಎಥನಾಲ್ ಬಿಡುತ್ತದೆ, ದುಂಬಿ ಹುಡುಕಿಕೊಂಡು ಬರುತ್ತದೆ. ಬುಡದ ಸುತ್ತ ಪೇವರ್ ಬ್ಲಾಕ್ ಜಡಿದು, ಮಳೆಗಾಲದಲ್ಲಿ ನೀರು ನಿಲ್ಲಿಸುವುದು ಪುಣೆಯಲ್ಲಿ ಮಾಮೂಲು. ಕಾಂಡದ ಮೇಲೆ ಸಣ್ಣ ಕಡ್ಡಿಯಾಗಿ ಹೊರಚಾಚಿದ ಮರದ ಪುಡಿ, ಅಥವಾ ಬುಡದಲ್ಲಿ ಪುಡಿಯ ಗುಡ್ಡೆ, ತೂತಿನಿಂದ ಸೋರಿದ ರಸ ಕಂಡರೆ ಅದೇ ಇರಬಹುದು. ದುಂಬಿ ಹಾರಾಡುತ್ತಿದೆಯಾ ಅಂತ ತಿಳಿಯಲು ಖರ್ಚಿಲ್ಲದ ಬೋನು ಮಾಡಬಹುದು. ಒಂದು ಲೀಟರ್ ನೀರಿನ ಬಾಟಲಿಯ ನಡುಭಾಗದಲ್ಲಿ ಎರಡು ಮೂರು ಕಿಟಕಿ ಕತ್ತರಿಸಿ. ತಳದಲ್ಲಿ ಎರಡು ಬೆರಳು ಸೋಪಿನ ನೀರು. ಒಳಗೆ ಮುಚ್ಚಳ ತೆಗೆದ ಪುಟ್ಟ ಸೀಸೆಯಲ್ಲಿ ಸ್ಯಾನಿಟೈಸರ್ ನೇತು ಹಾಕಿ. ಲೇಬಲ್ ಓದಿ, ಎಥನಾಲ್ ಇರುವುದೇ ಬೇಕು. ಸೊಂಟದ ಎತ್ತರಕ್ಕೆ, ಒಂದು ಕಂಬಕ್ಕೆ ಕಟ್ಟಿ. ಸೊರಗಿದ ಮರಕ್ಕೇ ಕಟ್ಟಿದರೆ ನೀವೇ ಹುಳುವನ್ನು ಕರೆದಂತಾಗುತ್ತದೆ. ಇದು ಗುರುತಿಸಲು ಮಾತ್ರ, ವಾಸಿ ಮಾಡಲು ಅಲ್ಲ.

ಮರ ತಿನ್ನದ ಹುಳುವಿಗೆ ಮರದೊಳಗೆ ಏರಿಸುವ ವಿಷ ಸರಿಯಾಗಿ ಮುಟ್ಟುವುದಿಲ್ಲ. ಹಾಗಾಗಿ ಮೊದಲು ಪೇವರ್ ಕೀಳಿಸಿ, ನೀರು ಹರಿದು ಹೋಗುವಂತೆ ಮಾಡಿ, ಹುಳು ಹಿಡಿದ ಕೊಂಬೆ ತೆಗೆಸಿ. ತೆಗೆಸುವ ಮುಂಚೆ ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಡಿ. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣೆ ಕಾಯ್ದೆ ಇದೆ. ತೆಗೆದ ಕೊಂಬೆಯನ್ನು ಅಲ್ಲೇ ರಾಶಿ ಹಾಕಬೇಡಿ, ಅದರೊಳಗಿನ ಮರಿ ಹೊರಗೆ ಬರುತ್ತದೆ.

ಇಷ್ಟು ಓದಿದ ಮೇಲೆ ವಿಜಯಪುರ ಜಿಲ್ಲೆಯ ಇಂಡಿ ಊರಿನ ನಮ್ಮ ಕಾಕಾ ಕೇಳುವ ಪ್ರಶ್ನೆ ಗೊತ್ತೇ ಇದೆ: "ಓಕ್ ಬಿಡು, ದಾಳಿಂಬರಿದ್ ಹೇಳು." ವಿಜಯಪುರ, ಸೊಲ್ಲಾಪುರ ಕಡೆ ತೋಟ ಇರುವವರಿಗೆ ಸೊರಗು ರೋಗ ಹೊಸದಲ್ಲ. ವಿಜಯಪುರ ಜಿಲ್ಲೆಯಲ್ಲಿ 1990ರ ದಶಕದಲ್ಲೇ ಕಂಡಿತ್ತು. ಕಾರಣಗಳಲ್ಲಿ ದೊಡ್ಡದು ಸೆರಾಟೊಸಿಸ್ಟಿಸ್ ಅನ್ನುವ ಬೂಷ್ಟು. ಇದು ದುಂಬಿ ಸಾಕುವ ಬೂಷ್ಟಲ್ಲ. ಮಣ್ಣಿನಲ್ಲಿ, ರೋಗದ ಸಸಿಯಲ್ಲಿ, ಕತ್ತರಿಯ ಬಾಯಲ್ಲಿ, ಹರಿಯುವ ನೀರಿನಲ್ಲಿ ಬರುತ್ತದೆ. ಬುಡದಲ್ಲಿ ಗುಂಡು ಹೊಡೆದಂಥ ಸಣ್ಣ ತೂತು ಕೊರೆಯುವ ದುಂಬಿ ಅದಕ್ಕೆ ಇನ್ನೊಂದು ಬಾಗಿಲು ತೆಗೆಯುತ್ತದೆ. ಅದೂ ತನ್ನದೇ ಬೂಷ್ಟು ಬೆಳೆಯುವ ಆಂಬ್ರೋಸಿಯಾ ಜಾತಿಯದೇ.

ನೋಡುವ ಕ್ರಮ ಹಲಗೆಯದ್ದೇ. ಒಂದು ಕೊಂಬೆಯ ಎಲೆ ಹಳದಿಯಾಗಿ ಜೋತರೆ, ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ಕೂತು ನೋಡಿ, ಸೂಜಿ ತೂತು, ಪುಡಿ ಇದೆಯಾ ಅಂತ. ಆಮೇಲೆ ಸೊರಗಿದ ಕೊಂಬೆಯನ್ನು ಅಡ್ಡ ಕತ್ತರಿಸಿ. ಒಳಗೆ ಬೂದುಗಂದು ಕಲೆ ನಡುವಿನಿಂದ ಹೊರಕ್ಕೆ ಕವಲೊಡೆದಂತೆ ಕಂಡರೆ ಬೂಷ್ಟು ನೀರಿನ ದಾರಿ ಹಿಡಿದಿದೆ. ಪೂರ್ತಿ ಸೊರಗಿದ ಗಿಡವನ್ನು ಬೇರು ಸಮೇತ ಕಿತ್ತು ಅಲ್ಲೇ ಸುಡಿ, ತೋಟದ ತುಂಬ ಎಳೆದುಕೊಂಡು ಹೋಗಬೇಡಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ. ಆ ಸಾಲಿನ ನೀರು ಮುಂದಿನ ಸಾಲಿಗೆ ಹರಿಯದಂತೆ ತಡೆಯಿರಿ. ಬೇರಿಗೆ ಬೇರು ತಾಗುವುದರಿಂದ ಅಕ್ಕಪಕ್ಕದ ಗಿಡಗಳನ್ನೂ ರೋಗ ತಗುಲಿದವೇ ಅಂತ ಲೆಕ್ಕ ಹಿಡಿಯಿರಿ. ಯಾವ ಔಷಧಿ, ಎಷ್ಟು ಅನ್ನುವುದನ್ನು ಅಂಗಡಿಯವನ ಬಾಯಲ್ಲಿ ಕೇಳಬೇಡಿ. ಸೊಲ್ಲಾಪುರದಲ್ಲೇ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಇಂಡಿಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಹೋಗುವಾಗ ಕಲೆ ಇರುವ ಕಾಂಡದ ಗೇಣುದ್ದ ತುಂಡು, ಸ್ವಲ್ಪ ಬೇರು, ಬುಡದ ಮಣ್ಣು ಬೇರೆ ಬೇರೆ ಕಟ್ಟಿಕೊಳ್ಳಿ. ಕಾಂಡ, ಬೇರನ್ನು ಕಾಗದದಲ್ಲೇ ಸುತ್ತಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಒಳಗೆ ಬೆವತು, ದಾರಿಯಲ್ಲೇ ಬೇರೆ ಬೂಷ್ಟು ಹತ್ತಿ, ಅವರಿಗೆ ಪರೀಕ್ಷೆ ಮಾಡಲು ಏನೂ ಉಳಿಯುವುದಿಲ್ಲ.